ಲೆಡ್ಜರಿನ ಷರಾ ಕಾಲಂ

ನಿವೃತ್ತ ಬ್ಯಾಂಕ್ ಗುಮಾಸ್ತನ ಕಪಾಟಿನಲ್ಲಿ ಏನೇನಿರುತ್ತದೆ ಎಂದು ಊರಿನಲ್ಲಿ ಯಾರನ್ನು ಕೇಳಿದರೂ ಹೇಳಿಯಾರು. ಹಳೆಯ ಪಾಸ್‌ಬುಕ್ಕುಗಳು, ಠೇವಣಿ ರಸೀದಿಗಳು, ಎಲ್‌ಐಸಿ ಪಾಲಿಸಿ, ಮನೆ ತೆರಿಗೆ ಕಟ್ಟಿದ ಚೀಟಿಗಳು, ಎಂದಾದರೂ ಬೇಕಾದೀತೆಂದು ಎತ್ತಿಟ್ಟ ಗುಂಡುಸೂಜಿ, ರಬ್ಬರ್ ಬ್ಯಾಂಡು. ನನ್ನ ಕಪಾಟಿನಲ್ಲೂ ಇವೆಲ್ಲ ಇವೆ. ಕೆಳಗಿನ ಎರಡು ಅರೆಗಳಲ್ಲಿ ಮಾತ್ರ, ಪುಸ್ತಕ ಜೋಡಿಸಿದ ಹಾಗೆ ನೆಟ್ಟಗೆ ನಿಲ್ಲಿಸಿದ 42 ಗ್ರಾಮಫೋನ್ ಪ್ಲೇಟುಗಳಿವೆ. ಅವುಗಳಲ್ಲಿ 25 ಚಿಕ್ಕವು, ಏಳಿಂಚು ಅಗಲದವು. ಉಳಿದ 17 ದೊಡ್ಡವು, ಹನ್ನೆರಡಿಂಚಿನವು. ಎಲ್ಲವೂ ಒಂದೇ ತಂಡದವು. ಇಂಗ್ಲೆಂಡಿನ ಡಿಪೆಶ್ ಮೋಡ್ ಎಂಬ ಬ್ಯಾಂಡಿನವು.

ಮನೆಗೆ ಬಂದವರು ಕಂಡರೆ ಮೊದಲು ನಗುತ್ತಾರೆ. "ಎಂತ ಮಾರಾಯ್ರೆ, ಈ ಪ್ರಾಯದಲ್ಲಿ ಡಿಸ್ಕೋವಾ?" ಎಂದು ಕೇಳಿದವರಿದ್ದಾರೆ. ಡಿಸ್ಕೋ ಅಲ್ಲ, ಇದಕ್ಕೆ ಸಿಂಥ್-ಪಾಪ್ ಎನ್ನುತ್ತಾರೆ ಎಂದರೆ ಅವರ ಮುಖ ಇನ್ನಷ್ಟು ಗೊಂದಲಕ್ಕೆ ಬೀಳುತ್ತದೆ. ಆಗ ನಾನು ದೇವರ ಕೋಣೆಯ ಪಕ್ಕದಲ್ಲಿರುವ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ತೋರಿಸುತ್ತೇನೆ.

ನಮ್ಮ ಹಳೆಯ ಶ್ರುತಿಪೆಟ್ಟಿಗೆಗೆ ತಿದಿ ಒತ್ತಬೇಕಿತ್ತು. ಗಾಳಿ ಹೋದಾಗ ಒಳಗಿನ ಹಿತ್ತಾಳೆಯ ನಾಲಗೆ ಅಲುಗಿ ಸ್ವರ ಬರುತ್ತಿತ್ತು. ಈಗಿನದಕ್ಕೆ ತಿದಿ ಇಲ್ಲ, ತಂತಿ ಇಲ್ಲ. ಒಳಗೆ ವಿದ್ಯುತ್ತು ಸೆಕೆಂಡಿಗೆ ನೂರಾರು ಸಲ ಏರಿ ಇಳಿಯುತ್ತದೆ, ಆ ಏರಿಳಿತವನ್ನು ಸ್ಪೀಕರು ಸದ್ದಾಗಿ ಮಾಡುತ್ತದೆ. ಬೆಂಗಳೂರಿನ ಜಿ. ರಾಜನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಮಾಡಿದ ಮೇಲೆ ಇದು ಕಛೇರಿಗೂ ಬಂತು, ಭಜನೆಗೂ ಬಂತು. ಸಿಂಥಸೈಜರ್ ಇದೇ ಜಾತಿಯ ವಾದ್ಯ. ಶ್ರುತಿಪೆಟ್ಟಿಗೆ ಒಂದೇ ನಾದವನ್ನು ಹಿಡಿದು ಕೂತರೆ, ಸಿಂಥಸೈಜರಿಗೆ ಹಾರ್ಮೋನಿಯಂ ಹಾಗೆ ಮನೆಗಳಿವೆ. ನಾದ ಒರಟಾಗಿರಬೇಕೋ ನಯವಾಗಿರಬೇಕೋ, ಥಟ್ಟನೆ ಹುಟ್ಟಿ ಸಾಯಬೇಕೋ ನಿಧಾನಕ್ಕೆ ಕರಗಬೇಕೋ ಎಂದು ಗುಂಡಿ ತಿರುಗಿಸಿ ನಿರ್ಧರಿಸಬಹುದು. ಇಷ್ಟು ಹೇಳಿದರೆ ಬಂದವರಿಗೆ ಅರ್ಥವಾಗುತ್ತದೆ. ಕೆಲವರು ಚಹಾ ಕುಡಿದು ಒಂದು ಪ್ಲೇಟು ಕೇಳಿಯೂ ಹೋಗುತ್ತಾರೆ.

ನನಗೆ ಈ ಹುಚ್ಚು ಹತ್ತಿಸಿದವರು ನನ್ನ ಅಕ್ಕನ ಗಂಡ. ಭಾವ ಬಹರೈನಿನಲ್ಲಿದ್ದರು. 1986ರಲ್ಲಿ ಊರಿಗೆ ಬಂದಾಗ ಒಂದು ಟೂ-ಇನ್-ಒನ್ ತಂದುಕೊಟ್ಟರು, ಅದರೊಂದಿಗೆ ನಾಲ್ಕು ಕ್ಯಾಸೆಟ್ಟು. ಮೂರು ಹಿಂದಿ ಸಿನಿಮಾದವು. ನಾಲ್ಕನೆಯದು ಡಿಪೆಶ್ ಮೋಡ್‌ನ 1981ರಿಂದ 85ರವರೆಗಿನ ಸಿಂಗಲ್‌ಗಳ ಸಂಕಲನ. ಅಂಗಡಿಯವನು ಕೊಟ್ಟದ್ದನ್ನು ಭಾವ ತಂದಿದ್ದರು, ಅವರಿಗೂ ಅದೇನೆಂದು ಗೊತ್ತಿರಲಿಲ್ಲ. ಆಗ ನಾನು ಕುಂದಾಪುರದ ಹತ್ತಿರದ ಒಂದು ಶಾಖೆಯಲ್ಲಿ ಗುಮಾಸ್ತ. ರಾತ್ರಿ ಸಿಎಐಐಬಿ ಪರೀಕ್ಷೆಗೆ ಓದುವಾಗ ಹಿಂದಿ ಹಾಡು ಹಾಕಿದರೆ ಗಮನ ಅದರ ಮಾತಿನತ್ತ ಹೋಗುತ್ತಿತ್ತು. ಇಂಗ್ಲಿಷ್ ಹಾಡಿನ ಮಾತು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲವಾದ್ದರಿಂದ ಓದಿಗೆ ತೊಂದರೆ ಇಲ್ಲ ಎಂದು ಅದನ್ನು ಹಾಕಿದೆ. ತಿಂಗಳು ಕಳೆಯುವುದರೊಳಗೆ ಪುಸ್ತಕ ಮುಚ್ಚಿ ಅದನ್ನೇ ಕೇಳುವಂತಾಯಿತು.

ಯಾಕೆ ಹಿಡಿಸಿತು ಎಂದು ಆಮೇಲೆ ಯೋಚಿಸಿದ್ದೇನೆ. ಅವರು ಮೊದಮೊದಲು ಬಳಸಿದ ಅಗ್ಗದ ಸಿಂಥಸೈಜರುಗಳು ಒಂದು ಸಲಕ್ಕೆ ಒಂದೇ ಸ್ವರ ನುಡಿಸಬಲ್ಲವು. ಪಿಯಾನೋದ ಹಾಗೆ ಐದಾರು ಸ್ವರ ಒಟ್ಟಿಗೆ ಒತ್ತಲು ಬಾರದು. ಹಾಗಾಗಿ ಮೂವರು ನಿಂತು ಒಬ್ಬೊಬ್ಬರು ಒಂದೊಂದು ಎಳೆ ನುಡಿಸುತ್ತಿದ್ದರು. ಒಂದು ಎಳೆ ಕೆಳಗೆ ನಡೆದರೆ ಇನ್ನೊಂದು ಮೇಲೆ ಜಿಗಿಯುತ್ತದೆ, ಮೂರನೆಯದು ಮಧ್ಯದ ಸಂದಿಯಲ್ಲಿ ಬರುತ್ತದೆ. ಪಾಶ್ಚಾತ್ಯ ಸಂಗೀತವೆಂದರೆ ಸ್ವರಗಳ ರಾಶಿ ಎಂದು ತಿಳಿದಿದ್ದ ನನ್ನ ಕಿವಿಗೆ ಇದು ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕೇಳಿತು. ಚೆಂಡೆ ಮತ್ತು ಮದ್ದಳೆ ಒಂದರ ಪೆಟ್ಟಿನ ಎಡೆಯಲ್ಲಿ ಇನ್ನೊಂದು ಬಂದು ಕೂರುವುದನ್ನು ಚಿಕ್ಕಂದಿನಿಂದ ಕೇಳಿದವನಿಗೆ ಇದರ ಲೆಕ್ಕ ಹಿಡಿಯುವುದು ಕಷ್ಟವಾಗಲಿಲ್ಲ.

ಆ ಕ್ಯಾಸೆಟ್ಟಿನ ಒಳಚೀಟಿಯಲ್ಲಿ ತಂಡದ ಬಗ್ಗೆ ಒಂದಕ್ಷರವೂ ಇರಲಿಲ್ಲ. ಅವರ ಚರಿತ್ರೆ ನನಗೆ ಸಿಕ್ಕಿದ್ದು ನಿವೃತ್ತಿಯ ನಂತರ. ನಮ್ಮ ಮಗಳ ಸಂಸಾರ ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ಚೆಲ್ಮ್ಸ್‌ಫರ್ಡ್‌ನಲ್ಲಿದೆ. 2011ರಲ್ಲಿ ಮೊಮ್ಮಗಳು ಹುಟ್ಟಿದಾಗ ನಾವಿಬ್ಬರೂ ಬಾಣಂತನಕ್ಕೆಂದು ಆರು ತಿಂಗಳು ಹೋದೆವು. ನನ್ನ ಹೆಂಡತಿಗೆ ಕೈತುಂಬ ಕೆಲಸ. ನನಗೆ ಮಗುವಿನ ತಳ್ಳುಗಾಡಿ ತಳ್ಳಿಕೊಂಡು ಊರ ಗ್ರಂಥಾಲಯಕ್ಕೆ ಹೋಗುವ ಕೆಲಸ. ಅಲ್ಲಿನ ಸಂಗೀತದ ಪುಸ್ತಕಗಳಲ್ಲಿ ನನ್ನ ಬ್ಯಾಂಡು ಸಿಕ್ಕಿತು. ಅದರ ಊರು ಬಾಸಿಲ್ಡನ್ ನಾವಿದ್ದಲ್ಲಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ.

ಎರಡನೇ ಮಹಾಯುದ್ಧದ ನಂತರ ಲಂಡನ್ನಿನಲ್ಲಿ ಮನೆಗಳ ಅಭಾವ ತೀವ್ರವಾಗಿತ್ತು. ಸರಕಾರ ಸುತ್ತಮುತ್ತ ಹೊಸ ಊರುಗಳನ್ನು ಕಟ್ಟಿಸಿತು. ಬಾಸಿಲ್ಡನ್ ಹಾಗೆ 1949ರಲ್ಲಿ ಘೋಷಣೆಯಾದ ಹೊಸ ಊರು. ಅಲ್ಲಿ ಬೆಳೆದ ವಿನ್ಸ್ ಕ್ಲಾರ್ಕ್, ಮಾರ್ಟಿನ್ ಗೋರ್, ಆಂಡಿ ಫ್ಲೆಚರ್ ಎಂಬ ಮೂವರು ಹುಡುಗರು ಒಂದು ತಂಡ ಕಟ್ಟಿದರು. 1980ರಲ್ಲಿ ಡೇವ್ ಗಾಹನ್ ಹಾಡುಗಾರನಾಗಿ ಸೇರಿದ. ಒಂದು ಫ್ರೆಂಚ್ ಫ್ಯಾಷನ್ ಪತ್ರಿಕೆಯ ಹೆಸರನ್ನೇ ತಂಡಕ್ಕೆ ಇಟ್ಟುಕೊಂಡರು. ಇಷ್ಟನ್ನು ಓದುವಾಗ ನಾನು ಸುಮ್ಮನೆ ಪುಟ ತಿರುಗಿಸುತ್ತಿದ್ದೆ. ಮುಂದಿನ ಸಾಲಿಗೆ ಬಂದಾಗ ಕೂತಲ್ಲೇ ನೆಟ್ಟಗಾದೆ. ಆಂಡಿ ಫ್ಲೆಚರ್ ವಿಮಾ ಕಂಪನಿಯಲ್ಲಿ ನೌಕರ. ಮಾರ್ಟಿನ್ ಗೋರ್ ಲಂಡನ್ನಿನಲ್ಲಿ ಬ್ಯಾಂಕ್ ಗುಮಾಸ್ತ!

ಇಪ್ಪತ್ತೈದು ವರ್ಷ ಕೇಳಿದ ಹಾಡುಗಳಲ್ಲಿ ಹೆಚ್ಚಿನವನ್ನು ಬರೆದವನು ನನ್ನ ಹಾಗೆಯೇ ಕೌಂಟರಿನ ಹಿಂದೆ ಕೂತವನು. ತೊಟ್ಟಿಲಲ್ಲಿ ಮಲಗಿದ್ದ ಮೊಮ್ಮಗಳಿಗೆ ಆ ಸಂಗತಿಯನ್ನು ಮೊದಲು ಹೇಳಿದೆ. ಆಮೇಲೆ ಹೆಂಡತಿಗೆ ಹೇಳಿದೆ. "ಅವನು ಬ್ಯಾಂಕು ಬಿಟ್ಟು ಹಾಡಿದ, ನೀವು ಬ್ಯಾಂಕಲ್ಲೇ ಕೂತ್ರಿ" ಎಂದಳು.

ಗುಮಾಸ್ತರ ಕಥೆ ಅಷ್ಟಕ್ಕೆ ಮುಗಿಯುವುದಿಲ್ಲ. ತಂಡದ ಮೊದಲ ಮೂರು ಸಿಂಗಲ್‌ಗಳನ್ನು ಬರೆದವನು ವಿನ್ಸ್ ಕ್ಲಾರ್ಕ್. ಮೂರನೆಯದಾದ 'ಜಸ್ಟ್ ಕಾಂಟ್ ಗೆಟ್ ಇನಫ್' 1981ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಬಂತು. ಅದೇ ವರ್ಷದ ಕೊನೆಯಲ್ಲಿ ಆತ ತಂಡ ಬಿಟ್ಟ. ಹಾಡು ಕಟ್ಟುವವನೇ ಹೋದ ಮೇಲೆ ಇನ್ನೇನು, ಮುಗಿಯಿತು ಎಂದುಕೊಂಡವರು ಬಹಳ ಮಂದಿ. ಆಗ ಮಾರ್ಟಿನ್ ಗೋರ್ ಬರೆದ 'ಸೀ ಯು' 1982ರ ಆರಂಭದಲ್ಲಿ ಬಂತು. ಅದು 6ನೇ ಸ್ಥಾನಕ್ಕೆ ಹೋಯಿತು, ಹಿಂದಿನವಕ್ಕಿಂತ ಎರಡು ಮೆಟ್ಟಿಲು ಮೇಲೆ. ಶಾಖೆಯಲ್ಲಿ ಮ್ಯಾನೇಜರು ರಜೆ ಹಾಕಿದ ದಿನ ಕೆಲಸ ನಿಲ್ಲುವುದಿಲ್ಲ ಎಂಬುದು ನಮ್ಮ ಕಸುಬಿನವರಿಗೆ ಗೊತ್ತಿರುವ ವಿಷಯವೇ.

ಆಂಡಿ ಫ್ಲೆಚರ್ ಹಾಡು ಬರೆದವನೂ ಅಲ್ಲ, ಹೆಚ್ಚು ನುಡಿಸಿದವನೂ ಅಲ್ಲ. ಎಂಬತ್ತರ ದಶಕದಲ್ಲಿ ತಂಡಕ್ಕೆ ಪೂರ್ಣಾವಧಿ ಮ್ಯಾನೇಜರ್ ಇರಲಿಲ್ಲ. ವ್ಯವಹಾರ ನೋಡಿಕೊಂಡವನು ಈ ಮಾಜಿ ವಿಮಾ ನೌಕರ. ಅವರ ಪ್ಲೇಟುಗಳನ್ನು ಹೊರತಂದ ಮ್ಯೂಟ್ ಎಂಬ ಪುಟ್ಟ ಕಂಪನಿಯ ಡೇನಿಯಲ್ ಮಿಲ್ಲರ್ ಜೊತೆ ಮೊದಲ ಹಲವು ವರ್ಷ ಕಾಗದದ ಕರಾರೇ ಇರಲಿಲ್ಲ. ಕೈಕುಲುಕಿದ್ದೇ ಕರಾರು. ಸ್ಟಾಂಪು ಕಾಗದವಿಲ್ಲದೆ, ಇಬ್ಬರು ಸಾಕ್ಷಿಗಳಿಲ್ಲದೆ ಒಂದು ರೂಪಾಯಿ ಸಾಲ ಕೊಡದ ಸಂಸ್ಥೆಯಲ್ಲಿ ಮೂರು ದಶಕ ದುಡಿದ ನನಗೆ ಇದನ್ನು ನಂಬುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಮಕ್ಕಳೇ, ಸಿಂಗಲ್ ಎಂದರೆ ಏನೆಂದು ನಿಮಗೆ ಹೇಳಬೇಕು. ನಿಮ್ಮ ಮುತ್ತಜ್ಜನ ಕಾಲದ ಪ್ಲೇಟುಗಳು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದವು. ಅವುಗಳನ್ನು ಅರಗಿನಿಂದ ಮಾಡುತ್ತಿದ್ದರು. ಅರಗೆಂದರೆ ಮರದ ಮೇಲಿನ ಪುಟ್ಟ ಕೀಟ ಸ್ರವಿಸುವ ಅಂಟು. ಅದರಲ್ಲಿ ದೊಡ್ಡ ಪಾಲು ಹೋಗುತ್ತಿದ್ದದ್ದು ನಮ್ಮ ದೇಶದಿಂದ. ಆ ಪ್ಲೇಟು ಕೈತಪ್ಪಿ ಬಿದ್ದರೆ ಹಂಚಿನ ಹಾಗೆ ಒಡೆಯುತ್ತಿತ್ತು. ಆಮೇಲೆ ವಿನೈಲ್ ಎಂಬ ಪ್ಲಾಸ್ಟಿಕ್ ಬಂತು. 1949ರಲ್ಲಿ ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪನಿ ಏಳಿಂಚಿನ, ನಿಮಿಷಕ್ಕೆ 45 ಸುತ್ತಿನ ಚಿಕ್ಕ ಪ್ಲೇಟು ಹೊರತಂದಿತು. ಮುಂಬದಿಗೆ ಒಂದು ಹಾಡು, ಹಿಂಬದಿಗೆ ಒಂದು ಹಾಡು. ಅದೇ ಸಿಂಗಲ್. ನಮ್ಮಲ್ಲಿ ಕನ್ನಡ ಸಿನಿಮಾ ಹಾಡುಗಳು ಇದೇ ಅಳತೆಯ ಇಪಿ ಪ್ಲೇಟುಗಳಲ್ಲಿ ಬರುತ್ತಿದ್ದವು, ಒಂದೊಂದು ಬದಿಗೆ ಎರಡೆರಡು ಹಾಡು.

ಪ್ಲೇಟಿನ ಮೇಲೆ ನೂರಾರು ಗೆರೆಗಳಿರುವ ಹಾಗೆ ಕಾಣುತ್ತದೆ. ನಿಜವಾಗಿ ಒಂದು ಬದಿಗೆ ಇರುವುದು ಒಂದೇ ಗೆರೆ. ಚಕ್ಕುಲಿಯ ಸುರುಳಿಯ ಹಾಗೆ ಅಂಚಿನಿಂದ ನಡುವಿನವರೆಗೆ ಅದು ಸುತ್ತಿಕೊಂಡು ಬರುತ್ತದೆ. ಆ ಗೆರೆಯ ಗೋಡೆಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಅಂಕುಡೊಂಕು. ಮುಳ್ಳು ಅದರಲ್ಲಿ ಹಾಯುವಾಗ ನಡುಗುತ್ತದೆ. ಆ ನಡುಕವೇ ವಿದ್ಯುತ್ತಾಗಿ, ಹಾಡಾಗಿ ಹೊರಗೆ ಬರುತ್ತದೆ.

ಹನ್ನೆರಡಿಂಚಿನ ಸಿಂಗಲ್ಲಿನ ಲೆಕ್ಕ ಬೇರೆ. ಜಾಗ ಹೆಚ್ಚಿರುವುದರಿಂದ ಗೆರೆಯನ್ನು ಅಗಲವಾಗಿ, ಆಳವಾಗಿ ಕೊರೆಯಬಹುದು. ತಗ್ಗಿನ ಸ್ವರಗಳು ಗಟ್ಟಿಯಾಗಿ ಬರುತ್ತವೆ, ಹಾಡನ್ನು ಹಿಗ್ಗಿಸಿ ಆರೇಳು ನಿಮಿಷ ಮಾಡಬಹುದು. ಆದ್ದರಿಂದ ಒಂದೇ ಹಾಡು ಚಿಕ್ಕದರಲ್ಲಿ ಒಂದು ಥರ, ದೊಡ್ಡದರಲ್ಲಿ ಇನ್ನೊಂದು ಥರ. ಇದನ್ನು ನನ್ನ ಹೆಂಡತಿಗೆ ಎಷ್ಟು ಸಲ ವಿವರಿಸಿದರೂ ಅವಳ ಪ್ರಶ್ನೆ ಬದಲಾಗಿಲ್ಲ: "ಒಂದೇ ಪದ್ಯಕ್ಕೆ ಮೂರು ಪ್ಲೇಟು ಎಂತಕ್ಕೆ? ನೀವು ಒಂದೇ ಸೀರೆ ಮೂರು ತಂದದ್ದು ನಾನು ಕಾಣ್ಲಿಲ್ಲ."

ನನ್ನಂಥವನನ್ನು ನಿಜವಾಗಿ ಹಿಡಿದದ್ದು ಅವುಗಳ ನಂಬರು. ಮೊದಲ ಐದು ಸಿಂಗಲ್‌ಗಳಿಗೆ ಕಂಪನಿಯ ಮಾಮೂಲು ಕ್ರಮದಂತೆ ಮ್ಯೂಟ್ 13, 14, 16, 18, 22 ಎಂಬ ಸಂಖ್ಯೆಗಳಿವೆ. ಮಧ್ಯದ ಸಂಖ್ಯೆಗಳು ಬೇರೆ ಕಲಾವಿದರಿಗೆ ಹೋದವು. 1982ರ 'ಲೀವ್ ಇನ್ ಸೈಲೆನ್ಸ್'ನಿಂದ ಈ ತಂಡಕ್ಕೇ ಪ್ರತ್ಯೇಕ ಖಾತೆ ತೆರೆದ ಹಾಗೆ 'ಬಾಂಗ್' ಎಂಬ ಸರಣಿ ಶುರುವಾಯಿತು. ಬಾಂಗ್ 1, ಬಾಂಗ್ 2, ಹೀಗೆ. ಹನ್ನೆರಡಿಂಚಿನದಾದರೆ ಹಿಂದೆ 12 ಎಂದು ಸೇರಿಸುತ್ತಾರೆ. ಸೀಮಿತ ಸಂಖ್ಯೆಯಲ್ಲಿ ಮುದ್ರಿಸಿದ್ದಾದರೆ ಅದಕ್ಕೂ ಹಿಂದೆ 'ಎಲ್' ಅಕ್ಷರ. 1990ರ 'ವರ್ಲ್ಡ್ ಇನ್ ಮೈ ಐಸ್' ಬಾಂಗ್ 20. ನಾನು ಅಲ್ಲಿಗೆ ಗೆರೆ ಎಳೆದಿದ್ದೇನೆ. ಮುಂದೆ ಸಿ.ಡಿ. ಕಾಲ, ಅದು ಬೇರೆ ಪುಸ್ತಕ. ಐದು ಮತ್ತು ಇಪ್ಪತ್ತು, ಒಟ್ಟು ಇಪ್ಪತ್ತೈದು. ಸರಣಿಯಲ್ಲಿ ಒಂದು ಸಂಖ್ಯೆ ಬಿಟ್ಟುಹೋದರೆ ಚೆಕ್ಕಿನ ಪುಸ್ತಕದಲ್ಲಿ ಒಂದು ಹಾಳೆ ಕಾಣೆಯಾದಷ್ಟೇ ಸಂಕಟ ನನಗೆ.

ಕ್ಯಾಸೆಟ್ಟೋ ಎಲ್‌ಪಿಯೋ ಸಾಲದೇ, ಸಿಂಗಲ್ಲೇ ಯಾಕೆ ಎಂದು ಕೇಳಬಹುದು. ಕೆಲವು ಹಾಡುಗಳು ಸಿಂಗಲ್ಲಿನಲ್ಲಿ ಮಾತ್ರ ಇವೆ. ಅವರ ಮೊಟ್ಟಮೊದಲ ಸಿಂಗಲ್ 'ಡ್ರೀಮಿಂಗ್ ಆಫ್ ಮಿ' ಬ್ರಿಟನ್ನಿನಲ್ಲಿ ಬಂದ ಮೊದಲ ಎಲ್‌ಪಿಯಲ್ಲಿ ಇರಲಿಲ್ಲ. ಬಾಂಗ್ 2 ಆದ 'ಗೆಟ್ ದ ಬ್ಯಾಲೆನ್ಸ್ ರೈಟ್' ಅವರ ಯಾವ ಸ್ಟುಡಿಯೋ ಆಲ್ಬಮ್ಮಿಗೂ ಸೇರಲಿಲ್ಲ. ಬ್ಯಾಲೆನ್ಸ್ ಸರಿ ಮಾಡು ಎಂಬ ಹೆಸರಿನ ಹಾಡನ್ನು ಬ್ಯಾಂಕಿನವನು ಬಿಡುವುದುಂಟೇ? ಹಿಂಬದಿಯ ಹಾಡುಗಳದು ಇನ್ನೊಂದು ಲೋಕ. 'ದ ಮೀನಿಂಗ್ ಆಫ್ ಲವ್'ನ ಹಿಂಬದಿಯಲ್ಲಿ ಮಾತಿಲ್ಲದ ಒಂದು ತುಣುಕಿದೆ, ಅದಕ್ಕೆ ಲಕ್ಸೆಂಬರ್ಗಿನ ಓಬರ್‌ಕಾರ್ನ್ ಎಂಬ ಪುಟ್ಟ ಊರಿನ ಹೆಸರು. ಬಾಂಗ್ 3 ಇನ್ನೂ ಸೊಗಸು. ಮುಂಬದಿಯ 'ಎವೆರಿಥಿಂಗ್ ಕೌಂಟ್ಸ್' ದೊಡ್ಡ ಕಂಪನಿಗಳ ದುರಾಸೆಯ ಬಗ್ಗೆ. ತಿರುಗಿಸಿ ಹಾಕಿದರೆ ಹಿಂಬದಿಯ ಹಾಡಿನ ಹೆಸರು 'ವರ್ಕ್ ಹಾರ್ಡ್'. ಮೇಲಿನವರಿಗೆ ಲಾಭ, ಕೆಳಗಿನವರಿಗೆ ದುಡಿತ. ನಮ್ಮ ಯೂನಿಯನ್ನಿನ ಸಭೆಯಲ್ಲಿ ಒಂದು ಗಂಟೆ ಹೇಳುತ್ತಿದ್ದ ವಿಷಯ ಒಂದು ಪ್ಲೇಟಿನ ಎರಡು ಮಗ್ಗುಲಲ್ಲಿ ಮುಗಿದಿತ್ತು.

ಸಂಗ್ರಹ ಬೆಳೆದದ್ದು ಚಾರಿಟಿ ಅಂಗಡಿಗಳಿಂದ. ಇಂಗ್ಲೆಂಡಿನ ಊರೂರಲ್ಲಿ ಇಂಥ ಅಂಗಡಿಗಳಿವೆ. ಜನ ತಮಗೆ ಬೇಡವಾದ ಬಟ್ಟೆ, ಪಾತ್ರೆ, ಪುಸ್ತಕ ಕೊಟ್ಟು ಹೋಗುತ್ತಾರೆ. ಮಾರಿ ಬಂದ ಹಣ ಧರ್ಮಕಾರ್ಯಕ್ಕೆ. ಅಂಗಡಿಯ ಮೂಲೆಯಲ್ಲಿ, ನೆಲದ ಮೇಲೆ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಏಳಿಂಚಿನ ಪ್ಲೇಟುಗಳು ಇರುತ್ತವೆ. ಅಲ್ಲಿ ಮೊಣಕಾಲೂರಿ ಕೂತು ಒಂದೊಂದನ್ನೇ ಸರಿಸುತ್ತಾ ಹೋಗಬೇಕು. ನೋಟಿನ ಕಟ್ಟು ಎಣಿಸಿದ ಹೆಬ್ಬೆರಳಿಗೆ ಆ ಕೆಲಸ ಸಲೀಸು. ಐವತ್ತು ಪೆನ್ಸಿಗೆ ಸಿಕ್ಕಿದ್ದುಂಟು, ಐದು ಪೌಂಡು ಕೊಟ್ಟದ್ದೂ ಉಂಟು. ಪೌಂಡನ್ನು ರೂಪಾಯಿಗೆ ಗುಣಿಸಬೇಡಿ ಅಪ್ಪ ಎಂದು ಮಗಳು ಹೇಳುತ್ತಿದ್ದಳು. ಗುಣಿಸದೆ ಇರಲು ನನಗೆ ಬರುವುದಿಲ್ಲ.

ಒಂದು ಬುಧವಾರ ಬಾಸಿಲ್ಡನ್ನಿಗೂ ಹೋಗಿ ಬಂದೆ. ಊರ ನಡುವಿನ ಚೌಕದಲ್ಲಿ ತಾಯಿ ಮಗುವಿನ ಶಿಲ್ಪವಿರುವ ಕಾರಂಜಿ, ಸುತ್ತ ಅಂಗಡಿಗಳು, ಅಂಗಡಿಗಳಾಚೆ ಒಂದೇ ಥರದ ಮನೆಗಳ ಸಾಲು. ಬ್ಯಾಂಕಿನ ನೌಕರರ ಕಾಲೋನಿಯಲ್ಲಿ ಹತ್ತು ವರ್ಷ ಇದ್ದ ನನಗೆ ಆ ಸಾಲು ಪರಕೀಯ ಅನ್ನಿಸಲಿಲ್ಲ. ತಂಡದವರು ಮೊದಲ ಸಲ ಟಿ.ವಿ. ಕಾರ್ಯಕ್ರಮಕ್ಕೆ ಸಿಂಥಸೈಜರುಗಳನ್ನು ಕೈಯಲ್ಲಿ ಹಿಡಿದುಕೊಂಡು ರೈಲಿನಲ್ಲೇ ಹೋದದ್ದು ಈ ಊರಿನಿಂದ. ಸಂಜೆಯ ರೈಲಿನಿಂದ ಆಫೀಸು ಚೀಲ ಹಿಡಿದು ಇಳಿಯುವವರನ್ನು ನಿಲ್ದಾಣದ ಹೊರಗೆ ನಿಂತು ಸ್ವಲ್ಪ ಹೊತ್ತು ನೋಡಿ ಬಂದೆ.

ಕೊಂಡ ಪ್ರತಿಯೊಂದಕ್ಕೂ ಲೆಡ್ಜರಿನಲ್ಲಿ ಒಂದು ಸಾಲು. ಕ್ರಮಸಂಖ್ಯೆ, ಬಾಂಗ್ ಸಂಖ್ಯೆ, ಮುಂಬದಿಯ ಹಾಡು, ಹಿಂಬದಿಯ ಹಾಡು, ಬಂದ ವರ್ಷ, ಕೊಂಡ ಊರು, ಕೊಟ್ಟ ಬೆಲೆ, ಕೊನೆಗೆ ಷರಾ. ಬಹಳ ಕಾಡಿದ್ದು ಬಾಂಗ್ 4, 'ಲವ್ ಇನ್ ಇಟ್‌ಸೆಲ್ಫ್'. ಅದು ಸಿಕ್ಕಿದ್ದು ಐದನೆಯ ಪ್ರಯಾಣದಲ್ಲಿ. ಇನ್ನೂ ಸಿಗದಿರುವುದು ಒಂದೇ. 1981ರಲ್ಲಿ ಫ್ಲೆಕ್ಸಿಪಾಪ್ ಎಂಬ ಪತ್ರಿಕೆ ತನ್ನ ಓದುಗರಿಗೆ ಸಂಚಿಕೆಯ ಜೊತೆ ಕಾಗದದಷ್ಟು ತೆಳ್ಳಗಿನ, ಬಾಗುವ ಪ್ಲೇಟು ಕೊಟ್ಟಿತ್ತು. ಅದರಲ್ಲಿ ಈ ತಂಡದ ಒಂದು ಹಾಡಿದೆ. ಅದಕ್ಕೆ ಬಾಂಗ್ ಸಂಖ್ಯೆಯೂ ಇಲ್ಲ, ಮ್ಯೂಟ್ ಸಂಖ್ಯೆಯೂ ಇಲ್ಲವಾದ್ದರಿಂದ ನನ್ನ ಇಪ್ಪತ್ತೈದರ ಲೆಕ್ಕಕ್ಕೆ ಧಕ್ಕೆಯಿಲ್ಲ.

ಊರಿಗೆ ತಂದ ಮೇಲೆ ಕಾಪಾಡುವುದು ಬೇರೆ ಕಥೆ. ಕರಾವಳಿಯ ಮಳೆಗಾಲದಲ್ಲಿ ಚಪ್ಪಲಿಗೂ ಬೂಸಲು ಹಿಡಿಯುತ್ತದೆ, ಇನ್ನು ಕಾಗದದ ಲಕೋಟೆಯ ಪಾಡೇನು? ಪ್ಲೇಟುಗಳನ್ನು ಅಡ್ಡಡ್ಡ ಪೇರಿಸಬಾರದು, ಬಾಗುತ್ತವೆ. ನೆಟ್ಟಗೆ ನಿಲ್ಲಿಸಬೇಕು. ಕಪಾಟಿನಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣಗಳನ್ನಿಟ್ಟು, ಬಿಸಿಲು ಬಂದ ದಿನ ಅವುಗಳನ್ನು ಬದಲಿಸುತ್ತೇನೆ. ಬೂಸಲು ಕಂಡರೆ ಭಟ್ಟಿ ಇಳಿಸಿದ ನೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ, ಗೆರೆಯ ದಿಕ್ಕಿನಲ್ಲೇ ಒರೆಸುತ್ತೇನೆ. ಲೇಬಲ್ಲಿಗೆ ನೀರು ತಾಗಬಾರದು. ಹದಿನಾಲ್ಕು ವರ್ಷಗಳಲ್ಲಿ ಒಂದು ಪ್ಲೇಟೂ ಹಾಳಾಗಿಲ್ಲ.

ಹಾಳಾದದ್ದು ನನ್ನ ಕಿವಿ. 2022ರ ಆರಂಭದಲ್ಲಿ ಹೆಂಡತಿ "ಸೊಪ್ಪು ತನ್ನಿ" ಎಂದರೆ ನಾನು "ಉಪ್ಪು" ತರುವಂತಾಯಿತು. ಪರೀಕ್ಷೆ ಮಾಡಿಸಿದೆ. ಕಿವಿಯ ವೈದ್ಯರು ಒಂದು ನಕ್ಷೆ ಕೊಟ್ಟರು. ಎಡದಿಂದ ಬಲಕ್ಕೆ ಗೆರೆ ಸಮತಟ್ಟಾಗಿ ಬಂದು, ಮೇಲಿನ ಸ್ವರಗಳ ಕಡೆ ಘಾಟಿ ರಸ್ತೆಯ ಹಾಗೆ ಇಳಿದಿತ್ತು. ಎಳೆಯ ಮಕ್ಕಳ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನದ ಸದ್ದೂ ಕೇಳುತ್ತದೆ. ಪ್ರಾಯ ಹೋದ ಹಾಗೆ ಮೇಲಿನಿಂದ ಒಂದೊಂದೇ ಮೆಟ್ಟಿಲು ಕಳಚಿಕೊಳ್ಳುತ್ತದೆ. ನನಗೆ 4,000ದ ಮೇಲೆ ಬಹುಪಾಲು ಹೋಗಿದೆ. 'ಸ', 'ಶ' ಮುಂತಾದ ಅಕ್ಷರಗಳ ಬಲ ಇರುವುದು ಆ ಮೇಲಿನ ಭಾಗದಲ್ಲಿ. ಹೋದದ್ದು ಮರಳಿ ಬರುವುದಿಲ್ಲ, ಶ್ರವಣಯಂತ್ರದಿಂದ ಮಾತಿಗೆ ಅನುಕೂಲವಾದೀತು ಎಂದರು.

ಮಾತಿಗೆ ಅನುಕೂಲವಾಯಿತು, ಹೌದು. ಹಾಡು ಮಾತ್ರ ಯಂತ್ರ ಹಾಕಿದರೆ ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ, ಯಂತ್ರ ತೆಗೆದರೆ ಕಂಬಳಿಯೊಳಗಿಂದ ಬಂದ ಹಾಗೆ. ಪ್ಲೇಟುಗಳನ್ನು ಹುಡುಕಿ ತಂದು, ಒರೆಸಿ, ಲೆಕ್ಕವಿಟ್ಟು ಮುಗಿಯುವ ಹೊತ್ತಿಗೆ ಕೇಳುವ ಶಕ್ತಿಯೇ ಇಳಿಯಿತಲ್ಲ ಎಂದು ಕೆಲವು ದಿನ ಕಪಾಟಿನ ಬಾಗಿಲನ್ನೇ ತೆರೆಯಲಿಲ್ಲ.

ಕೊರೊನಾ ಕಳೆದು ಆ ವರ್ಷದ ಏಪ್ರಿಲ್‌ನಲ್ಲಿ ಮತ್ತೆ ಚೆಲ್ಮ್ಸ್‌ಫರ್ಡ್‌ಗೆ ಹೋದೆವು. ಮೊಮ್ಮಗಳಿಗೆ ಹನ್ನೊಂದು ತುಂಬುವುದರಲ್ಲಿತ್ತು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಬರೆಯುವುದು ಆಗಷ್ಟೇ ಕಲಿತಿದ್ದಳು. ಒಂದು ಮಧ್ಯಾಹ್ನ ಅವರ ಮನೆಯ ಹಳೆಯ ಟರ್ನ್‌ಟೇಬಲ್ಲಿನಲ್ಲಿ ಬಾಂಗ್ 5, 'ಪೀಪಲ್ ಆರ್ ಪೀಪಲ್' ಹಾಕಿದೆ. ಅವಳು ನೆಲದ ಮೇಲೆ ಕೂತು ಚಿತ್ರ ಬರೆಯುತ್ತಿದ್ದಳು.

"ಅಜ್ಜಾ, ಹಿಂದೆ ಚಿಕ್ ಚಿಕ್ ಅಂತ ಬರ್ತಾ ಉಂಟಲ್ಲ, ಅದು ಎಂತ?" ಎಂದಳು.

ನನಗೆ ಚಿಕ್ ಚಿಕ್ ಕೇಳುತ್ತಿರಲಿಲ್ಲ. ಮೊದಲು ಕೇಳುತ್ತಿತ್ತು ಎಂಬ ನೆನಪಿದೆ.

"ನಿಮಗೆ ಕೇಳುದಿಲ್ವಾ?" ಎಂದು ಹತ್ತಿರ ಬಂದಳು. ಇಲ್ಲ ಎಂದೆ. ಅವಳು ಸ್ವಲ್ಪ ಯೋಚಿಸಿ, ನನ್ನ ಅಂಗೈಯನ್ನು ಬಿಡಿಸಿ ಅದರ ಮೇಲೆ ಬೆರಳಿನಿಂದ ಆ ಚಿಕ್ ಚಿಕ್ ಬಂದಾಗಲೆಲ್ಲ ತಟ್ಟಿದಳು. ಹಾಡು ಮುಗಿಯುವವರೆಗೆ ತಟ್ಟಿದಳು. ಅಂಗೈಯಲ್ಲಿ ತಾಳ ಬಿದ್ದೊಡನೆ ನನ್ನ ನೆನಪಿನಲ್ಲಿದ್ದ ಸದ್ದು ತನ್ನ ಜಾಗಕ್ಕೆ ಬಂದು ಕೂತಿತು.

ಮರುದಿನ ಲೆಡ್ಜರನ್ನು ಅವಳ ಮುಂದಿಟ್ಟೆ. ಷರಾ ಕಾಲಂ ಬಹುತೇಕ ಖಾಲಿಯಿತ್ತು. ನೀನು ಕೇಳಿದ್ದನ್ನು ಇಲ್ಲಿ ಬರೆ, ಕನ್ನಡದಲ್ಲಿ ಬರೆ ಎಂದೆ. ಯಂತ್ರದ ಸದ್ದಿಗೆ ಕನ್ನಡದಲ್ಲಿ ಮಾತೆಲ್ಲಿದೆ ಎಂದು ಅವಳ ಅಳುಕು. ನಾನು ಒಂದೊಂದೇ ಹೇಳಿಕೊಟ್ಟೆ. ಚಟಪಟ, ಗುಡುಗುಡು, ಕಿಣಿಕಿಣಿ, ಸರಸರ, ಝಳಝಳ, ಗುಂಯ್, ಸುಂಯ್, ಢಣಢಣ. ಅಜ್ಜಿಯೂ ಅಡುಗೆ ಮನೆಯಿಂದ ಸೇರಿಸಿದಳು: ಒಗ್ಗರಣೆಯ ಚುಂಯ್, ದೋಸೆಯ ಚೊಂಯ್, ಕುದಿಯುವ ಸಾರಿನ ಕೊತಕೊತ. ನಮ್ಮ ಭಾಷೆಯಲ್ಲಿ ಸದ್ದಿಗೆ ಇಷ್ಟು ಮಾತುಗಳಿವೆ ಎಂಬುದು ಎಪ್ಪತ್ತು ವರ್ಷ ಆಡಿದ ನಮಗೂ ಅಂದು ಒಟ್ಟಿಗೆ ಹೇಳಿದಾಗಲೇ ಗೊತ್ತಾದದ್ದು.

ಆ ತಂಡದವರು ಮಾಡಿದ ಕೆಲಸಕ್ಕೂ ಇದು ಹೊಂದುತ್ತದೆ. 1983ರಲ್ಲಿ ಅವರು ಲಂಡನ್ನಿನ ಸ್ಟುಡಿಯೋದ ಸುತ್ತಮುತ್ತಲಿನ ಪಾಳುಜಾಗಗಳಿಗೆ ಟೇಪ್ ರೆಕಾರ್ಡರ್ ಹಿಡಿದು ಹೋಗಿ, ಸುತ್ತಿಗೆಯಿಂದ ಕಬ್ಬಿಣದ ಕೊಳವೆ, ತಗಡುಗಳನ್ನು ಬಡಿದು ಸದ್ದು ಸಂಗ್ರಹಿಸಿದರು. ಆ ಸದ್ದನ್ನು ಸ್ಯಾಂಪ್ಲರ್ ಎಂಬ ಯಂತ್ರಕ್ಕೆ ತುಂಬಿ, ಮನೆ ಒತ್ತಿದರೆ ಬೇಕಾದ ಸ್ವರದಲ್ಲಿ ಬರುವಂತೆ ಮಾಡಿದರು. 1986ರ 'ಸ್ಟ್ರಿಪ್ಡ್' ಹಾಡಿನ ಅಡಿಯಲ್ಲಿ ನಡೆಯುವ ತಾಳ, ನಿಂತಲ್ಲೇ ಓಡುತ್ತಿದ್ದ ಮೋಟಾರ್ ಸೈಕಲ್ಲಿನ ಸದ್ದನ್ನು ನಿಧಾನ ಮಾಡಿ ತಗ್ಗಿಸಿದ್ದು. ಮೊಮ್ಮಗಳ ಷರಾ ಹೀಗಿದೆ: "ಗುಡ್ ಗುಡ್ ಗುಡ್. ದೊಡ್ಡ ಬೆಕ್ಕು ಮಲಗಿದ ಹಾಗೆ." ಬಾಂಗ್ 5ಕ್ಕೆ: "ಢಣ್ ಟಣ್. ಪಾತ್ರೆ ಬಿತ್ತು, ಅಜ್ಜಿ ಬೈಲಿಲ್ಲ." 'ಡ್ರೀಮಿಂಗ್ ಆಫ್ ಮಿ'ಗೆ: "ಟಿಣಿಟಿಣಿ. ಚನಾಗಿದೆ." ಕಾಗುಣಿತ ತಿದ್ದಲಿಲ್ಲ. ಕೆಲವು ಹಾಡುಗಳ ವಿಷಯ ಮಕ್ಕಳಿಗೆ ಹೇಳಿದ್ದಲ್ಲ, ಆ ಸಾಲುಗಳ ಷರಾ ಈಗಲೂ ಖಾಲಿ.

ಆ ಮೇ 26ರಂದು ಆಂಡಿ ಫ್ಲೆಚರ್ ತೀರಿಕೊಂಡ. ಅರುವತ್ತು ವರ್ಷ. ಸುದ್ದಿ ಬಂದಾಗ ನಾನು ಅವನ ಊರಿನಿಂದ ಒಂದು ಬಸ್ಸಿನ ದೂರದಲ್ಲಿದ್ದೆ. ನನಗಿಂತ ಹತ್ತು ವರ್ಷ ಚಿಕ್ಕವನು. ಕ್ಯಾಸೆಟ್ಟಿನಲ್ಲಿ ಅವನ ಕೈ ಯಾವುದು, ಬೇರೆಯವರ ಕೈ ಯಾವುದು ಎಂದು ನಾನು ಎಂದೂ ಗುರುತಿಸಲಾರೆ. ಲೆಕ್ಕ ನೋಡಿಕೊಂಡವನ ಕೆಲಸ ಹಾಡಿನಲ್ಲಿ ಕೇಳುವುದಿಲ್ಲ. ಅಂದು ರಾತ್ರಿ ಲೆಡ್ಜರಿನಲ್ಲಿ ದಿನಾಂಕ ಬರೆದು ಅವನ ಹೆಸರನ್ನು ಒಂದು ಸಾಲಿನಲ್ಲಿ ದಾಖಲಿಸಿದೆ.

ಅದರ ನಂತರ ನನ್ನ ತಲೆಯಲ್ಲಿ ಒಂದೇ ವಿಷಯ. ಬ್ಯಾಂಕಿನಲ್ಲಿ ನಾಮಿನೇಷನ್ ಇಲ್ಲದ ಖಾತೆಗಳ ಗೋಳು ನೋಡಿದವನು ನಾನು. ಗಂಡ ತೀರಿಕೊಂಡ ಹೆಂಗಸು ಕಾಗದಗಳ ಕಟ್ಟು ಹಿಡಿದು ಕೌಂಟರಿನಿಂದ ಕೌಂಟರಿಗೆ ಅಲೆಯುವುದನ್ನು ಎಷ್ಟು ಸಲ ಕಂಡಿಲ್ಲ! ಇದ್ದಾಗಲೇ ಒಂದು ಹೆಸರು ಬರೆದಿಡಿ ಎಂದು ಗಿರಾಕಿಗಳಿಗೆ ಹೇಳುತ್ತಿದ್ದೆ. ನನ್ನ 42 ಪ್ಲೇಟುಗಳಿಗೆ ನಾಮಿನಿ ಯಾರು?

ಕಳೆದ ಆಗಸ್ಟಿನ ರಜೆಯಲ್ಲಿ ಮೊಮ್ಮಗಳು ಉಡುಪಿಗೆ ಬಂದಿದ್ದಳು. ಈಗ ಹದಿನಾಲ್ಕು. ಹೊರಗೆ ಮಳೆ ಹೊಡೆಯುತ್ತಿತ್ತು. ಕಪಾಟು ತೆರೆದು, ಇವೆಲ್ಲ ನಿನಗೆ, ನಿನ್ನ ಹೆಸರು ಬರೆದಿಡಲೇ ಎಂದು ಕೇಳಿದೆ. ಅವಳು ಕೂಡಲೇ ಹೂಂ ಅನ್ನಲಿಲ್ಲ.

"ಅಜ್ಜಾ, ನಿಜ ಹೇಳ್ಲಾ? ನಾನು ಇದನ್ನು ನಿಮ್ಮೊಟ್ಟಿಗೆ ಮಾತ್ರ ಕೇಳುದು. ಒಬ್ಬಳೇ ಇರುವಾಗ ನನ್ನ ಹಾಡು ಬೇರೆ. ಇಷ್ಟು ಪ್ಲೇಟು ನಾನು ಎಲ್ಲಿ ಇಡ್ಲಿ? ನನಗೆ ಆ ಪುಸ್ತಕ ಕೊಡಿ."

ಆ ಪುಸ್ತಕವೆಂದರೆ ಲೆಡ್ಜರು. ನೋವಾಗಲಿಲ್ಲ ಎಂದರೆ ಸುಳ್ಳು. ಆ ರಾತ್ರಿ ನಿದ್ದೆ ತಡವಾಗಿ ಬಂತು. ಯೋಚಿಸಿದ ಹಾಗೆ ಅವಳ ಮಾತು ಸರಿಯೆನಿಸಿತು. ಪ್ಲೇಟು ಅಂಗಡಿಯಲ್ಲಿ ಐದು ಪೌಂಡಿಗೆ ಇನ್ನೊಂದು ಸಿಗುತ್ತದೆ. ದೊಡ್ಡ ಬೆಕ್ಕು ಮಲಗಿದ ಹಾಗೆ ಎಂಬ ಸಾಲು ಇನ್ನೆಲ್ಲೂ ಸಿಗುವುದಿಲ್ಲ. ಬೇಡವೆಂದು ಎದುರಿಗೇ ಹೇಳುವ ಧೈರ್ಯ ಅವಳಿಗಿರುವುದೂ ಒಳ್ಳೆಯದೇ. ನಾನು ಹೋದ ಮೇಲೆ ಬೇಡದ ಹೊರೆಯನ್ನು ಅಜ್ಜನ ಮುಲಾಜಿಗೆ ಅಟ್ಟದ ಮೇಲಿಟ್ಟು ಬೂಸಲು ಹಿಡಿಸುವುದಕ್ಕಿಂತ ಇದು ವಾಸಿ.

ಬೆಳಿಗ್ಗೆ ಕೂತು ವಿಲೇವಾರಿ ಬರೆದೆವು. ಹನ್ನೆರಡಿಂಚಿನ 17 ಪ್ಲೇಟುಗಳು ಮುಂದಿನ ಪ್ರಯಾಣದಲ್ಲಿ ಮೂರು ಕಂತಿನಲ್ಲಿ ಎಸೆಕ್ಸಿನ ಚಾರಿಟಿ ಅಂಗಡಿಗಳಿಗೇ ವಾಪಸು, ಬೇರೆ ಯಾರಾದರೂ ಮೊಣಕಾಲೂರಿ ಹುಡುಕಲಿ. ಏಳಿಂಚಿನ 25 ನಾನಿರುವವರೆಗೆ ನನ್ನಲ್ಲಿ, ಆಮೇಲೆ ಯಾರಿಗೆ ಕೊಡಬೇಕೆಂಬುದು ಅವಳ ಇಷ್ಟ. ಲೆಡ್ಜರು ಅವಳಿಗೆ. ನಾಮಿನಿಯ ಜಾಗದಲ್ಲಿ ಅವಳೇ ತನ್ನ ಹೆಸರನ್ನು ಕನ್ನಡದಲ್ಲಿ ಬರೆದು ಸಹಿ ಹಾಕಿದಳು. ಸಾಕ್ಷಿಯಾಗಿ ಅಜ್ಜಿಯ ಸಹಿ.

ಷರಾ ಕಾಲಮ್ಮಿನಲ್ಲಿ ಇನ್ನೂ ಒಂಬತ್ತು ಸಾಲು ಖಾಲಿ ಇವೆ. ಹಿಂಬದಿಯ ಹಾಡುಗಳನ್ನು ನಾವು ಎಣಿಸಿಯೇ ಇರಲಿಲ್ಲ, ಅವಕ್ಕೂ ಬೇರೆ ಷರಾ ಬೇಕು ಎಂದು ಅವಳ ವಾದ. ಹಾಗಾದರೆ ಇಪ್ಪತ್ತೈದು ಹೊಸ ಸಾಲು ಎಳೆಯಬೇಕಾಗುತ್ತದೆ. ಎಳೆದಿಟ್ಟಿದ್ದೇನೆ. ರೂಲು ದೊಣ್ಣೆ, ಕೆಂಪು ಶಾಯಿ ಎರಡೂ ನನ್ನ ಬಳಿ ಇನ್ನೂ ಇವೆ.